ಪಿಕಪ್ ಗಾಡಿಗೆ ಹೊಸ ಶಾಕ್: ಗಟ್ಟಿಯಾದದ್ದೇ ಒಳ್ಳೆಯದಾ?

ಪಿಕಪ್ ಇಟ್ಟುಕೊಂಡವರು ಗ್ಯಾರೇಜಿಗೆ ಹೋಗಿ ಹೇಳುವ ಮಾತು ಹೆಚ್ಚಾಗಿ ಒಂದೇ. "ಕಾಕ, ಗಾಡಿ ತುಂಬ ಹಾರ್ತದೆ. ಕಂಪೆನಿ ಶಾಕ್ ತೆಗೆದು ಒಳ್ಳೆ ಗಟ್ಟಿದ್ದು ಯಾವುದಾದ್ರೂ ಹಾಕಿ ಕೊಡಿ." ಅಂಗಡಿಯವರೂ ಅಂಗಡಿಯಲ್ಲಿರುವ ಅತಿ ಗಟ್ಟಿಯಾದದ್ದನ್ನೇ ತೆಗೆದು ಕೊಡುತ್ತಾರೆ. ಮೊದಲ ಎರಡು ವಾರ ಲೋಡ್ ಇರುವಾಗ ಗಾಡಿ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ, ಖುಷಿ. ಆಮೇಲೆ ಸರಕು ಇಳಿಸಿ ಖಾಲಿ ಬರುವಾಗ ಪ್ರತಿ ಹಂಪ್‌ನಲ್ಲೂ ಸೊಂಟಕ್ಕೆ ಪೆಟ್ಟು. ಆಗ ಎಲ್ಲರೂ ಬೈಯುವುದು ರಸ್ತೆಗೆ.

ನಮ್ಮ ಕಡೆ, ಅಂದರೆ ತಲಪಾಡಿಯಿಂದ ಕಾಸರಗೋಡಿನ ತನಕ, ಒಳಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದವರೆಗೆ, ಎಷ್ಟೋ ಮನೆಗಳ ಅನ್ನ ಹುಟ್ಟುವುದು ಇಂಥ ಸಣ್ಣ ಗಾಡಿಗಳಿಂದ. ಧಕ್ಕೆಯಿಂದ ಮೀನು ತರುವವರು, ಮಂಗಳೂರಿನಿಂದ ತರಕಾರಿ ತರುವವರು, ಅಡಿಕೆ, ಟೈಲ್ಸ್, ಸಿಮೆಂಟ್, ಕೋಳಿ ಸಾಗಿಸುವವರು. ನನ್ನದು ಮೊಟ್ಟೆಯ ಲೈನ್. ಮೊಟ್ಟೆಯ ವ್ಯಾಪಾರಿಗೆ ಗಾಡಿಯ ಸಸ್ಪೆನ್ಷನ್ ಅಂದರೆ ಬರೀ ಸೊಂಟದ ಪ್ರಶ್ನೆ ಅಲ್ಲ, ಟ್ರೇ ಬಿಚ್ಚಿ ನೋಡುವಾಗ ಲಾಭ ನಷ್ಟ ಕಣ್ಣೆದುರೇ ಕಾಣುತ್ತದೆ. ಹಾಗಾಗಿ ಈ ವಿಷಯದಲ್ಲಿ ಮೆಕ್ಯಾನಿಕ್‌ಗಳ ಬಾಯಿಂದ ಕೇಳಿದ್ದು, ಓದಿದ್ದು, ಗಾಡಿಯ ಅಡಿಗೆ ಮಲಗಿ ನೋಡಿದ್ದು ಸೇರಿಸಿ ಬರೆಯುತ್ತಿದ್ದೇನೆ. ಹೊಸದಾಗಿ ಗಾಡಿ ತೆಗೆದ ನಮ್ಮ ಹುಡುಗರಿಗೆ ಉಪಕಾರವಾದೀತು.

ಶಾಕ್ ಭಾರ ಹೊರುವುದಿಲ್ಲ

ಮೊದಲು ಇದೊಂದು ತಲೆಯಲ್ಲಿ ಕೂರಬೇಕು. ಗಾಡಿಯ ಭಾರ, ಸರಕಿನ ಭಾರ ಎರಡನ್ನೂ ಹೊರುವುದು ಸ್ಪ್ರಿಂಗ್. ಪಿಕಪ್‌ನ ಹಿಂದೆ ಅದು ಲೀಫ್ ಪ್ಲೇಟುಗಳ ಕಟ್ಟು. ಮುಂದೆ ಕೆಲವು ಗಾಡಿಗಳಲ್ಲಿ ಲೀಫ್, ಕೆಲವದರಲ್ಲಿ ಕಾಯಿಲ್. ಟಾಟಾ ಏಸ್‌ನಲ್ಲಿ ಮುಂದೆಯೂ ಲೀಫ್, ಹಿಂದೆಯೂ ಲೀಫ್. ಇಸುಜು ಡಿ-ಮ್ಯಾಕ್ಸ್‌ನಲ್ಲಿ ಮುಂದೆ ಕಾಯಿಲ್, ಹಿಂದೆ ಲೀಫ್.

ಸ್ಪ್ರಿಂಗಿನ ಗುಣ ಏನೆಂದರೆ, ಒತ್ತಿದರೆ ಒತ್ತಿದಷ್ಟೇ ವಾಪಸ್ ಚಿಮ್ಮುತ್ತದೆ. ತಡೆಯುವವರು ಇಲ್ಲದಿದ್ದರೆ ಒಂದು ಹೊಂಡಕ್ಕೆ ಗಾಡಿ ನಾಲ್ಕೈದು ಸಲ ಕುಣಿಯುತ್ತದೆ. ಆ ಕುಣಿತ ನಿಲ್ಲಿಸುವುದೇ ಶಾಕಿನ ಕೆಲಸ. ಅದರ ಒಳಗೆ ಆಯಿಲ್, ಆಯಿಲಿನಲ್ಲಿ ಮುಳುಗಿದ ಒಂದು ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ಸಣ್ಣ ತೂತು ಮತ್ತು ವಾಲ್ವ್. ಚಕ್ರ ಮೇಲೆ ಕೆಳಗೆ ಆಗುವಾಗ ಆಯಿಲ್ ಆ ಇಕ್ಕಟ್ಟಿನಲ್ಲಿ ನುಸುಳಿಕೊಂಡು ಹೋಗಬೇಕು. ಹಾಗೆ ನುಸುಳುವಾಗ ಕುಣಿತದ ಶಕ್ತಿ ಬಿಸಿಯಾಗಿ ಮಾರ್ಪಟ್ಟು ಗಾಳಿಗೆ ಹೋಗುತ್ತದೆ. ಹಾಳು ರಸ್ತೆಯಲ್ಲಿ ಓಡಿಸಿದ ಮೇಲೆ ಶಾಕ್ ಮುಟ್ಟಿದರೆ ಬಿಸಿ ಇರುವುದು ಇದೇ ಕಾರಣಕ್ಕೆ.

ಅಂದರೆ "ಲೋಡ್‌ಗೆ ಗಾಡಿ ಕೂರ್ತದೆ, ಗಟ್ಟಿ ಶಾಕ್ ಹಾಕ್ಬೇಕು" ಎನ್ನುವುದು ತಪ್ಪು ಮದ್ದು. ಗಾಡಿ ಹಿಂದೆ ಕೂತರೆ ಅದು ಲೀಫ್ ಸೋತದ್ದು, ಪ್ಲೇಟ್ ತುಂಡಾದದ್ದು ಅಥವಾ ನಾವು ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ತುಂಬಿದ್ದು. ಸಾಮಾನ್ಯ ಶಾಕ್ ಎಷ್ಟೇ ದುಬಾರಿಯಾದರೂ ಗಾಡಿಯನ್ನು ಮೇಲೆ ಎತ್ತುವುದಿಲ್ಲ. ಗ್ಯಾಸ್ ಶಾಕ್ ಒಂಚೂರು ಎತ್ತುತ್ತದೆ, ಅದು ಲೆಕ್ಕಕ್ಕೆ ಹಿಡಿಯುವಷ್ಟಲ್ಲ.

ಬೆಳಿಗ್ಗೆ ಒಂದು ಗಾಡಿ, ಸಂಜೆ ಇನ್ನೊಂದು

ಕಾರಿಗೂ ಪಿಕಪ್‌ಗೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಕಾರಿನಲ್ಲಿ ಒಬ್ಬರಿದ್ದರೂ ಐದು ಜನ ಇದ್ದರೂ ಒಟ್ಟು ತೂಕದಲ್ಲಿ ಭಾರೀ ಬದಲಾವಣೆ ಇಲ್ಲ. ಪಿಕಪ್ ಹಾಗಲ್ಲ. ಒಂದು ಉದಾಹರಣೆ ನೋಡುವಾ. ಮೊಟ್ಟೆಯ ಒಂದು ಬಾಕ್ಸಿನಲ್ಲಿ 30ರ 7 ಟ್ರೇ, ಒಟ್ಟು 210 ಮೊಟ್ಟೆ. 100 ಬಾಕ್ಸ್ ತುಂಬಿದರೆ 21,000 ಮೊಟ್ಟೆ. ಒಂದಕ್ಕೆ 55 ಗ್ರಾಂ ಹಿಡಿದರೂ ಟ್ರೇ, ರಟ್ಟು ಸೇರಿ ಹತ್ತಿರ ಹತ್ತಿರ 1,200 ಕೆಜಿ. ಖಾಲಿ ಇರುವಾಗ ಹಿಂದಿನ ಲೀಫ್ ಮೇಲೆ 400 ಕೆಜಿ ಇತ್ತು ಅಂತ ಇಟ್ಟುಕೊಳ್ಳಿ. ತುಂಬಿದ ಮೇಲೆ 1,600. ನಾಲ್ಕು ಪಟ್ಟು!

ಈಗ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರಿಗೆ ನೆನಪಿರುವ ಲೆಕ್ಕ. ಅದೇ ಸ್ಪ್ರಿಂಗಿನ ಮೇಲೆ ತೂಕ ನಾಲ್ಕು ಪಟ್ಟಾದರೆ ಅದು ಕುಣಿಯುವ ವೇಗ ಅರ್ಧಕ್ಕೆ ಇಳಿಯುತ್ತದೆ, ಆದರೆ ಆ ಕುಣಿತವನ್ನು ಮೊದಲಿನಷ್ಟೇ ಸಲ ಕುಣಿಯುವುದರೊಳಗೆ ಹತೋಟಿಗೆ ತರಲು ಬೇಕಾದ ತಡೆ ಎರಡು ಪಟ್ಟಾಗುತ್ತದೆ. ಹೆಲ್ಪರ್ ಪ್ಲೇಟ್ ಕೆಲಸಕ್ಕೆ ಬಂದರೆ ಇನ್ನೂ ಹೆಚ್ಚು ಬೇಕು. ನಾನು ಕಾಮರ್ಸ್‌ನವನು, ನನಗೆ ಇದು ಅರ್ಥವಾದದ್ದು ಹೀಗೆ: ಬೆಳಿಗ್ಗೆ ಐದು ಗಂಟೆಗೆ ಹೊರಡುವ ಗಾಡಿ ಬೇರೆ, ಮಧ್ಯಾಹ್ನ ಎರಡು ಗಂಟೆಗೆ ವಾಪಸ್ ಬರುವ ಗಾಡಿ ಬೇರೆ. ಎರಡಕ್ಕೂ ನಾವು ಹಾಕುವುದು ಒಂದೇ ಶಾಕ್.

ಪೂರ್ತಿ ಲೋಡ್‌ಗೆ ಸರಿಹೊಂದುವ ಶಾಕ್ ಹಾಕಿದರೆ ಖಾಲಿ ಗಾಡಿಗೆ ಅದು ಎರಡು ಪಟ್ಟು ಗಟ್ಟಿ. ಆಗ ಏನಾಗುತ್ತದೆ? ಚಕ್ರ ಹಂಪ್ ಹತ್ತಿದಾಗ ಶಾಕ್ ಬೇಗ ಕುಗ್ಗುವುದಿಲ್ಲ, ಪೆಟ್ಟು ನೇರವಾಗಿ ಚಾಸಿಗೆ, ಅಲ್ಲಿಂದ ಸೀಟಿಗೆ. ಹೊಂಡಕ್ಕೆ ಇಳಿಯುವಾಗ ಚಕ್ರ ಬೇಗ ಕೆಳಗೆ ಬರುವುದಿಲ್ಲ, ಒಂದು ಕ್ಷಣ ಟಯರ್ ರಸ್ತೆ ಬಿಟ್ಟೇ ಇರುತ್ತದೆ. ಟಯರ್ ರಸ್ತೆಯಲ್ಲಿ ಇಲ್ಲದ ಆ ಹೊತ್ತಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಜಾಮ್ ಆಗುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಜೂನ್, ಜುಲೈಯಲ್ಲಿ ನಮ್ಮ ಒಳರಸ್ತೆಗಳಲ್ಲಿ ಕೆಂಪು ಮಣ್ಣು ಹರಿದು ಬಂದಿರುವಾಗ ಖಾಲಿ ಪಿಕಪ್‌ನ ಹಿಂಭಾಗ ಬದಿಗೆ ಜಾರುವುದನ್ನು ಡ್ರೈವರ್‌ಗಳೆಲ್ಲ ನೋಡಿಯೇ ಇರುತ್ತಾರೆ. ಅದಕ್ಕೆ ಇದೂ ಒಂದು ಕಾರಣ.

ಇನ್ನೊಂದು ತೊಂದರೆ ಸ್ವಲ್ಪ ಸೂಕ್ಷ್ಮದ್ದು. ಶಾಕ್ ಎರಡು ಕಡೆಗೂ ಕೆಲಸ ಮಾಡುತ್ತದೆ. ಕುಗ್ಗುವಾಗಿನ ತಡೆಗೆ ಕಂಪ್ರೆಷನ್, ಹಿಗ್ಗುವಾಗಿನ ತಡೆಗೆ ರಿಬೌಂಡ್ ಎನ್ನುತ್ತಾರೆ. ಸಾಧಾರಣವಾಗಿ ರಿಬೌಂಡ್ ಹೆಚ್ಚು ಬಿಗಿ ಇರುತ್ತದೆ, ಯಾಕೆಂದರೆ ಚಿಮ್ಮುವ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಬೇಕು. ಆದರೆ ಅದು ಮಿತಿ ಮೀರಿ ಬಿಗಿಯಾದರೆ, ಸಾಲಾಗಿ ಹೊಂಡಗಳಿರುವ ರಸ್ತೆಯಲ್ಲಿ ಒಂದು ಹೊಂಡದಿಂದ ಸ್ಪ್ರಿಂಗ್ ಪೂರ್ತಿ ಹಿಗ್ಗುವ ಮೊದಲೇ ಇನ್ನೊಂದು ಹೊಂಡ ಬರುತ್ತದೆ. ಮತ್ತೆ ಕುಗ್ಗುತ್ತದೆ. ಹೀಗೆ ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ರಬ್ಬರಿನ ಬಂಪ್ ಸ್ಟಾಪ್ ಮೇಲೆಯೇ ಕೂರುತ್ತದೆ. ಆಮೇಲೆ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ. "ಹೊಸ ಶಾಕ್ ಹಾಕಿದ ಮೇಲೆ ಗಾಡಿ ಇನ್ನೂ ಕಲ್ಲಾಯ್ತು ಮಾರಾಯ್ರೆ" ಎನ್ನುವವರ ಗಾಡಿಯಲ್ಲಿ ಹೆಚ್ಚಾಗಿ ಆಗಿರುವುದು ಇದು.

ಹಾಗಾದರೆ ಯಾವ ತೂಕಕ್ಕೆ ಆರಿಸಬೇಕು? ನನ್ನ ಅಭಿಪ್ರಾಯ: ಗಾಡಿ ಹೆಚ್ಚು ಕಿಲೋಮೀಟರ್ ಯಾವ ತೂಕದಲ್ಲಿ ಓಡುತ್ತದೋ ಆ ತೂಕಕ್ಕೆ. ಒಂದು ವಾರ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ, ಫುಲ್ ಲೋಡ್‌ನಲ್ಲಿ ಎಷ್ಟು ಕಿ.ಮೀ., ಅರ್ಧದಲ್ಲಿ ಎಷ್ಟು, ಖಾಲಿ ಎಷ್ಟು. ಮೊಟ್ಟೆ, ಬೇಕರಿ, ದಿನಸಿ ಲೈನಿನವರಿಗೆ ಅರ್ಧ ಲೋಡ್ ಮತ್ತು ಅದಕ್ಕಿಂತ ಕಡಿಮೆಯೇ ಹೆಚ್ಚು ಬರುತ್ತದೆ. ಅವರಿಗೆ ಕಂಪೆನಿ ಕೊಟ್ಟ ಅಳತೆಯ ಸಾಮಾನ್ಯ ಶಾಕ್, ಬೇಕಾದರೆ ಅದರದ್ದೇ ಗ್ಯಾಸ್ ತುಂಬಿದ ಮಾದರಿ, ಸಾಕು. ಕೆಂಪು ಕಲ್ಲು, ಜಲ್ಲಿ, ಸಿಮೆಂಟ್ ಸಾಗಿಸಿ ಹೋಗುವಾಗಲೂ ಬರುವಾಗಲೂ ಲೋಡ್ ಇರುವವರು ಹೆವಿ ಡ್ಯೂಟಿ ಎಂದು ಬರೆದದ್ದನ್ನು ನೋಡಬಹುದು.

ಶಾಕಿನದ್ದೇ ತಪ್ಪಾ, ನೋಡಿ

ದುಡ್ಡು ಬಿಚ್ಚುವ ಮೊದಲು ಗಾಡಿ ಕಲ್ಲಾಗಿರುವುದು ಶಾಕಿನಿಂದಲೋ ಅಂತ ನೋಡಬೇಕು. ಹಲವು ಸಲ ಅಲ್ಲ.

ಟಯರ್ ಗಾಳಿ ಮೊದಲನೆಯದು. ನಮ್ಮಲ್ಲಿ ಪಂಕ್ಚರ್ ಅಂಗಡಿಯಲ್ಲಿ ಫುಲ್ ಲೋಡ್‌ಗೆ ಹೊಡೆಸಿದ ಗಾಳಿಯಲ್ಲೇ ತಿಂಗಳುಗಟ್ಟಲೆ ಓಡಿಸುತ್ತೇವೆ. ಗಾಡಿಯ ಮ್ಯಾನುಯಲ್‌ನಲ್ಲಿ ಅಥವಾ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಲೋಡ್ ಇರುವಾಗ ಎಷ್ಟು, ಇಲ್ಲದಿರುವಾಗ ಎಷ್ಟು ಎಂದು ಬೇರೆ ಬೇರೆ ಕೊಟ್ಟಿದ್ದರೆ ಅದನ್ನು ಪಾಲಿಸಿ. ಆದರೆ ಲೋಡ್ ಹಾಕುವಾಗ ಮತ್ತೆ ಹೊಡೆಸಲು ಮರೆಯುವವರು ಇಳಿಸಲೇಬೇಡಿ. ಕಡಿಮೆ ಗಾಳಿಯಲ್ಲಿ ಲೋಡ್ ಹೊತ್ತರೆ ಟಯರ್ ಬಿಸಿಯಾಗಿ ಒಡೆಯುತ್ತದೆ.

ಎರಡನೆಯದು ಲೀಫ್. ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದು ಅಂಟಿಕೊಂಡರೆ ಇಡೀ ಕಟ್ಟು ಒಂದೇ ಕಬ್ಬಿಣದ ತುಂಡಿನ ಹಾಗೆ ವರ್ತಿಸುತ್ತದೆ, ಸಣ್ಣ ಹೊಂಡಕ್ಕೆ ಬಾಗುವುದೇ ಇಲ್ಲ. ಶ್ಯಾಕಲ್‌ನ ಬುಷ್ ಸವೆದಿದ್ದರೆ ಟಕ್ ಟಕ್ ಸದ್ದು, ಜಾಮ್ ಆಗಿದ್ದರೆ ಪೆಟ್ಟು. ಹಿಂದಿನ ಮಾಲಿಕರು ಹೆಚ್ಚುವರಿ ಪ್ಲೇಟ್ ಸೇರಿಸಿದ್ದಾರಾ ಅಂತಲೂ ನೋಡಿ. ಸೆಕೆಂಡ್ ಹ್ಯಾಂಡ್ ಪಿಕಪ್‌ಗಳಲ್ಲಿ ಇದು ಸಾಮಾನ್ಯ. ಅಂಥ ಗಾಡಿಗೆ ಯಾವ ಊರಿನ ಶಾಕ್ ಹಾಕಿದರೂ ಖಾಲಿ ಇರುವಾಗ ಮೆತ್ತಗಾಗುವುದಿಲ್ಲ.

ಶಾಕ್ ಹೋಗಿದೆಯಾ ಅಂತ ತಿಳಿಯಲು ಬಾನೆಟ್ ಒತ್ತಿ ಬಿಟ್ಟು ನೋಡುವ ಪದ್ಧತಿ ಉಂಟಲ್ಲ, ಅದು ಕಾರಿಗೆ ಸರಿ. ಪಿಕಪ್‌ನ ಹಿಂಭಾಗಕ್ಕೆ ನಡೆಯುವುದಿಲ್ಲ. ಲೀಫ್ ಎಷ್ಟು ಗಟ್ಟಿ ಇರುತ್ತದೆಂದರೆ ಒಬ್ಬ ಮನುಷ್ಯ ಒತ್ತಿದರೆ ಅಲುಗುವುದೇ ಕಷ್ಟ, ಅಲುಗಿದರೂ ಪ್ಲೇಟುಗಳ ಉಜ್ಜಾಟಕ್ಕೇ ನಿಂತುಬಿಡುತ್ತದೆ. ಅದರ ಬದಲು ಹಾಳು ರಸ್ತೆಯಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ, ಗಾಡಿ ನಿಲ್ಲಿಸಿ, ನಾಲ್ಕೂ ಶಾಕಿನ ಹತ್ತಿರ ಜಾಗ್ರತೆಯಿಂದ ಕೈ ಹಿಡಿದು ನೋಡಿ. ಮೂರು ಬಿಸಿ ಇದ್ದು ಒಂದು ತಣ್ಣಗಿದ್ದರೆ ಆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ. ಸೈಲೆನ್ಸರ್ ಹತ್ತಿರದ್ದು ಹೇಗೂ ಬಿಸಿ ಇರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಟಯರ್ ಮೇಲೆ ಕೈ ಸವರಿ. ಗುಂಡಿ ಗುಂಡಿಯಾಗಿ ಅಲ್ಲಲ್ಲಿ ಸವೆದಿದ್ದರೆ ಚಕ್ರ ರಸ್ತೆಯ ಮೇಲೆ ಕುಣಿಯುತ್ತಿದೆ ಎಂದರ್ಥ. ಶಾಕಿನ ಮೈ ಮೇಲೆ ತೆಳ್ಳಗೆ ಆಯಿಲ್ ಪಸೆ, ಅದಕ್ಕೆ ಧೂಳು ಅಂಟಿರುವುದು ದೊಡ್ಡ ವಿಷಯವಲ್ಲ. ಒದ್ದೆಯಾಗಿ ಕೆಳಗೆ ಇಳಿದಿದ್ದರೆ ಸೀಲ್ ಹೋಗಿದೆ. ಇನ್ನೂ ಸಂಶಯ ಇದ್ದರೆ ಮೆಕ್ಯಾನಿಕ್‌ಗೆ ಹೇಳಿ ಕೆಳಗಿನ ಬೋಲ್ಟ್ ಬಿಚ್ಚಿಸಿ ಕೈಯಲ್ಲಿ ಎಳೆದು ಒತ್ತಿ ನೋಡಿ. ಉದ್ದಕ್ಕೂ ಒಂದೇ ಬಿಗಿ ಸಿಗಬೇಕು. ನಡುವೆ ಎಲ್ಲಾದರೂ ಸುಮ್ಮನೆ ಜಾರಿದರೆ ಅದರ ಆಯಸ್ಸು ಮುಗಿಯಿತು.

ಆಯಿಲ್, ಗ್ಯಾಸ್, ಮೋನೋಟ್ಯೂಬ್

ಅಂಗಡಿಯಲ್ಲಿ ಕೇಳಿಬರುವ ಹೆಸರುಗಳು ಇವು. ಸಾಮಾನ್ಯ ಆಯಿಲ್ ಶಾಕ್‌ನಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆ, ಅದಕ್ಕೇ ಟ್ವಿನ್ ಟ್ಯೂಬ್ ಎನ್ನುತ್ತಾರೆ. ಹೊರಗಿನ ಕೊಳವೆಯಲ್ಲಿ ಹೆಚ್ಚಾದ ಆಯಿಲ್, ಅದರ ಮೇಲೆ ಗಾಳಿ. ಸಂಪಾಜೆ ಘಾಟಿ ಹತ್ತುವಾಗಲೋ ಉದ್ದಕ್ಕೆ ಕಿತ್ತುಹೋದ ರಸ್ತೆಯಲ್ಲೋ ಒಂದೇ ಸಮನೆ ಮೇಲೆ ಕೆಳಗೆ ಆಗುವಾಗ ಆಯಿಲ್ ಬಿಸಿಯಾಗಿ ಗಾಳಿ ಬೆರೆತು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಅರ್ಧ ಗಂಟೆ ಕಳೆದ ಮೇಲೆ ಗಾಡಿ ತೇಲಿದ ಹಾಗೆ ಆಗುವುದು, ತಣ್ಣಗಾದ ಮೇಲೆ ಮತ್ತೆ ಸರಿಯಾಗುವುದು ಇದರಿಂದ.

ಅದೇ ಟ್ವಿನ್ ಟ್ಯೂಬಿನಲ್ಲಿ ಗಾಳಿಯ ಬದಲು ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದರೆ ನೊರೆ ಬಹಳಷ್ಟು ಕಡಿಮೆಯಾಗುತ್ತದೆ. ನಾವು "ಗ್ಯಾಸ್ ಶಾಕ್" ಎನ್ನುವುದು ಹೆಚ್ಚಾಗಿ ಇದನ್ನು. ನಮ್ಮಂಥ ಸರಕು ಗಾಡಿಗೆ ನನ್ನ ಆಯ್ಕೆ ಇದೇ. ಬೆಲೆ ಸ್ವಲ್ಪ ಹೆಚ್ಚು, ಆದರೆ ಕೈಗೆಟುಕುತ್ತದೆ. ಹೊರಗಿನ ಕೊಳವೆಗೆ ಕಲ್ಲು ತಾಗಿ ಸಣ್ಣ ಗುಳಿ ಬಿದ್ದರೂ ಒಳಗಿನದ್ದು ಕೆಲಸ ಮಾಡುತ್ತಲೇ ಇರುತ್ತದೆ.

ಮೋನೋಟ್ಯೂಬ್ ಅಂದರೆ ಒಂದೇ ಕೊಳವೆ, ಕೆಳಗೆ ಹೆಚ್ಚು ಒತ್ತಡದ ನೈಟ್ರೋಜನ್, ಮೇಲೆ ಆಯಿಲ್, ನಡುವೆ ತೇಲುವ ಒಂದು ಪಿಸ್ಟನ್. 1957ರಲ್ಲಿ ಬಿಲ್‌ಸ್ಟೈನ್ ಕಂಪೆನಿ ಮರ್ಸಿಡಿಸ್-ಬೆಂಜ್ ಕಾರುಗಳಿಗೆ ಕೊಡುವ ಮೂಲಕ ಇದು ಪೇಟೆಗೆ ಬಂತು. ಆಯಿಲ್ ನೇರವಾಗಿ ಹೊರಗಿನ ಕೊಳವೆಗೆ ತಾಗುವುದರಿಂದ ಬೇಗ ತಣ್ಣಗಾಗುತ್ತದೆ, ನೊರೆ ಆಗುವುದೇ ಅಪರೂಪ. ಆದರೆ ಆ ಕೊಳವೆಗೆ ಗುಳಿ ಬಿದ್ದರೆ ಪಿಸ್ಟನ್ ಸಿಕ್ಕಿಹಾಕಿಕೊಂಡು ಶಾಕ್ ಗುಜರಿಗೆ. ಜಲ್ಲಿ ಹಾರುವ ರಸ್ತೆಯಲ್ಲಿ ದಿನಾ ಓಡುವ ಬಾಡಿಗೆ ಗಾಡಿಗೆ ಇಷ್ಟು ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಸ್ವಂತ ಓಡಾಟಕ್ಕೆ ಡಿ-ಮ್ಯಾಕ್ಸ್ ವಿ-ಕ್ರಾಸ್, ಹೈಲಕ್ಸ್ ಇಟ್ಟುಕೊಂಡವರ ವಿಷಯ ಬೇರೆ.

ಆ ವರ್ಗದವರಿಗೆ ಎರಡು ಮಾತು. ಗಲ್ಫ್‌ನಲ್ಲಿ ಮರಳಿನ ಮೇಲೆ ಹಾರುವ ಹೈಲಕ್ಸ್ ನೋಡಿ ಬಂದ ನಮ್ಮ ಹುಡುಗರಿಗೆ ಅಂಥದ್ದೇ ಶಾಕ್ ಬೇಕೆಂಬ ಆಸೆ. ಮರಳುಗಾಡಿನ ಉಬ್ಬುತಗ್ಗು ದೊಡ್ಡದು, ಉದ್ದದ್ದು. ನಮ್ಮದು ಚೂಪು ಅಂಚಿನ ಸಣ್ಣ ಹೊಂಡ, ಹಂಪ್, ಕಾಂಕ್ರೀಟ್ ರಸ್ತೆ ಮುಗಿದು ಡಾಮರು ಶುರುವಾಗುವ ಮೆಟ್ಟಿಲು. ಶಾಕ್ ಕ್ಯಾಟಲಾಗಿನಲ್ಲಿ "ಲೋ ಸ್ಪೀಡ್", "ಹೈ ಸ್ಪೀಡ್" ಎಂದು ಬರೆದದ್ದು ಗಾಡಿಯ ಸ್ಪೀಡ್ ಅಲ್ಲ, ಒಳಗಿನ ಪಿಸ್ಟನ್‌ನ ಸ್ಪೀಡ್. ತಿರುವಿನಲ್ಲಿ ಗಾಡಿ ವಾಲುವುದು, ಬ್ರೇಕ್ ಹಾಕಿದಾಗ ಮೂಗು ತಗ್ಗುವುದು ಲೋ ಸ್ಪೀಡ್. ಹೊಂಡದ ಅಂಚಿಗೆ ಚಕ್ರ ಬಡಿಯುವುದು ಹೈ ಸ್ಪೀಡ್, ಗಾಡಿ 20 ಕಿ.ಮೀ. ವೇಗದಲ್ಲಿ ಇದ್ದರೂ ಸಹ. ನಮ್ಮ ರಸ್ತೆಗೆ ಬೇಕಾದದ್ದು ಮೊದಲನೆಯದಕ್ಕೆ ಹಿಡಿತ ಕೊಟ್ಟು ಎರಡನೆಯದಕ್ಕೆ ಬಿಟ್ಟುಕೊಡುವ ಶಾಕ್.

ಎರಡನೆಯ ಮಾತು ಕಾನೂನಿನದ್ದು. ಹಳೆಯ ಶಾಕ್ ತೆಗೆದು ಅದೇ ಅಳತೆಯ ಹೊಸತು ಹಾಕುವುದು ಸಾಮಾನ್ಯ ರಿಪೇರಿ. ಗಾಡಿಯ ಎತ್ತರ ಹೆಚ್ಚಿಸುವ ಲಿಫ್ಟ್ ಕಿಟ್ ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು. ಅಲ್ಲದೆ ಕೇರಳದಿಂದ ಹೋದ ಒಂದು ಕೇಸಿನಲ್ಲೇ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪೆನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಹೇಳಿದೆ. ಕೇರಳ ರಿಜಿಸ್ಟ್ರೇಷನ್ ಇರುವ ನಾವು ಎಂವಿಡಿಯವರ ಚೆಕಿಂಗ್ ನೆನಪಿಟ್ಟುಕೊಂಡರೆ ಒಳ್ಳೆಯದು.

ಅಳತೆ ತಪ್ಪಿದರೆ ಬ್ರಾಂಡ್ ಏನೂ ಮಾಡಲಾರದು

ಶಾಕ್ ತಯಾರಿಸುವ ಕಂಪೆನಿ ಬೇರೆ, ಗಾಡಿ ತಯಾರಿಸುವ ಕಂಪೆನಿ ಬೇರೆ. ಗೇಬ್ರಿಯಲ್ ಇಂಡಿಯಾ 1961ರಲ್ಲಿ ಶುರುವಾದದ್ದು, ನಮ್ಮ ಗಡಿ ಕನ್ನಡಿಗರ ಹೊಸೂರಿನಲ್ಲೂ ಅದರ ಕಾರ್ಖಾನೆ ಉಂಟು. ಮನ್ರೋ, ಕೆವೈಬಿ ಹೊರದೇಶದ ಹಳೆಯ ಹೆಸರುಗಳು. ಇಂಥ ಕಂಪೆನಿಗಳು ಗಾಡಿ ಕಂಪೆನಿಗೂ ಕೊಡುತ್ತವೆ, ತಮ್ಮದೇ ಹೆಸರಿನ ಪೆಟ್ಟಿಗೆಯಲ್ಲಿ ಹೊರಗೂ ಮಾರುತ್ತವೆ. ಆದ್ದರಿಂದ "ಶೋರೂಮ್ ಮಾಲು ಮಾತ್ರ ಒರಿಜಿನಲ್" ಎಂಬ ಮಾತಿಗೆ ಅಷ್ಟು ಅರ್ಥ ಇಲ್ಲ.

ಬ್ರಾಂಡಿಗಿಂತ ಮುಖ್ಯ ಅಳತೆ. ಪೂರ್ತಿ ಒತ್ತಿದಾಗಿನ ಉದ್ದ, ಪೂರ್ತಿ ಎಳೆದಾಗಿನ ಉದ್ದ, ಎರಡೂ ನಿಮ್ಮ ಗಾಡಿಯ ಅಳತೆಗೆ ಹೊಂದಬೇಕು. ಒತ್ತಿದಾಗಿನ ಉದ್ದ ಹೆಚ್ಚಾದರೆ, ಲೋಡ್‌ನಲ್ಲಿ ಹೊಂಡಕ್ಕೆ ಬಿದ್ದಾಗ ಬಂಪ್ ಸ್ಟಾಪ್ ರಬ್ಬರಿಗೆ ತಾಗುವ ಮೊದಲೇ ಶಾಕ್ ತಳ ಮುಟ್ಟುತ್ತದೆ. ಆಗ ಇಡೀ ಗಾಡಿಯ ಪೆಟ್ಟು ಶಾಕಿನ ಕಣ್ಣಿಗೆ ಬಿದ್ದು ಅದು ಹರಿಯುತ್ತದೆ, ಇಲ್ಲದಿದ್ದರೆ ಚಾಸಿಯ ಬ್ರಾಕೆಟ್ ಕಿತ್ತು ಬರುತ್ತದೆ. ಎಳೆದಾಗಿನ ಉದ್ದ ಕಡಿಮೆಯಾದರೆ ಚಕ್ರ ಕೆಳಗೆ ಇಳಿದಾಗ ಆಕ್ಸಲ್ ಶಾಕಿನಲ್ಲೇ ನೇತಾಡುತ್ತದೆ. ಎರಡೂ ಕೆಟ್ಟದ್ದು. "ಇದು ಎಲ್ಲ ಪಿಕಪ್‌ಗೂ ಆಗ್ತದೆ" ಎನ್ನುವ ಅಂಗಡಿಯಿಂದ ಎದ್ದು ಬನ್ನಿ. ಒಂದೇ ಹೆಸರಿನ ಗಾಡಿಯಲ್ಲಿ ಒಂದೂಕಾಲು ಟನ್‌ನದ್ದು, ಒಂದೂಮುಕ್ಕಾಲು ಟನ್‌ನದ್ದು ಅಂತ ಬೇರೆ ಬೇರೆ ಇರುತ್ತವೆ. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಯಿಸಿ, ಆ ನಂಬರಿಗೆ ಸಮನಾದದ್ದನ್ನು ಬೇರೆ ಕಂಪೆನಿಯಲ್ಲಿ ಕೇಳಿ.

ರೀಕಂಡಿಷನ್ ಶಾಕ್ ಬಗ್ಗೆ ಕೇಳುವವರು ತುಂಬ. ಸೀಲ್ ಬದಲಾಯಿಸಿ ಸಿಕ್ಕಿದ ಎಂಜಿನ್ ಆಯಿಲ್ ತುಂಬಿ ಮತ್ತೆ ವೆಲ್ಡ್ ಮಾಡಿ ಕೊಡುವ ಕೆಲಸ ಅಲ್ಲಲ್ಲಿ ನಡೆಯುತ್ತದೆ. ದಪ್ಪ ಆಯಿಲ್ ಹಾಕಿದರೆ ಅಂಗಡಿಯಲ್ಲಿ ಕೈಯಲ್ಲಿ ಒತ್ತುವಾಗ ಭಾರೀ ಗಟ್ಟಿ ಅನಿಸುತ್ತದೆ. ಬಿಸಿಯಾದ ಮೇಲೆ ಅದರ ಬಣ್ಣ ಬಯಲು. ಇನ್ನು ಗ್ಯಾಸ್ ತುಂಬಿದ ಶಾಕನ್ನು ಕತ್ತರಿಸುವುದು, ವೆಲ್ಡ್ ಮಾಡುವುದು ಅಪಾಯ. ಒಳಗಿನ ಒತ್ತಡಕ್ಕೆ ಸಿಡಿಯಬಹುದು. ಗುಜರಿಯವರಿಗೆ ಕೊಡುವಾಗಲೂ ಇದು ಗ್ಯಾಸಿನದ್ದು ಅಂತ ಹೇಳಿಯೇ ಕೊಡಿ.

ಹಾಕಿಸುವಾಗ ನಿಂತು ನೋಡಬೇಕಾದ್ದು

ಒಂದೇ ಕಡೆಯದ್ದು ಹೋದರೂ ಆ ಆಕ್ಸಲ್‌ನ ಎರಡನ್ನೂ ಬದಲಾಯಿಸಿ. ಒಂದು ಹೊಸತು, ಒಂದು ಹಳತು ಆದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಗಾಡಿ ಒಂದು ಬದಿಗೆ ಬೇರೆ ರೀತಿ ವರ್ತಿಸುತ್ತದೆ. ಟ್ವಿನ್ ಟ್ಯೂಬ್ ಶಾಕ್ ಪೆಟ್ಟಿಗೆಯಲ್ಲಿ ಮಲಗಿ ಬಂದಿರುತ್ತದೆ, ಒಳಗೆ ಗಾಳಿಯೋ ಗ್ಯಾಸೋ ಆಯಿಲ್ ಕಡೆಗೆ ನುಗ್ಗಿರುತ್ತದೆ. ಅದನ್ನು ಗಾಡಿಯಲ್ಲಿ ಕೂರುವ ಹಾಗೆಯೇ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಆಮೇಲೆ ಹಾಕಬೇಕು. ಕೆಲವು ಗ್ಯಾರೇಜಿನಲ್ಲಿ ಇದನ್ನು ಮಾಡುವುದಿಲ್ಲ. ಆಮೇಲೆ ಮೊದಲ ದಿನ ಸದ್ದು ಬಂತೆಂದು ಶಾಕ್ ವಾಪಸ್ ಕೊಡಲು ಹೋಗುವುದು.

ಇನ್ನೊಂದು ಮುಖ್ಯ. ಗಾಡಿಯನ್ನು ಜ್ಯಾಕ್‌ನಲ್ಲಿ ಎತ್ತಿ, ಚಕ್ರ ನೇತಾಡುತ್ತಿರುವಾಗಲೇ ಬುಷ್‌ನ ಬೋಲ್ಟ್ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಇಡೀ ದಿನ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಸಡಿಲವಾಗಿ ಹಾಕಿ, ಗಾಡಿ ಇಳಿಸಿ, ಚಕ್ರದ ಮೇಲೆ ತೂಕ ಬಂದ ಮೇಲೆ ಕೊನೆಯ ಬಿಗಿತ. ಬುಷ್ ರಬ್ಬರಿನದ್ದೇ ಇರಲಿ. ಗಟ್ಟಿ ಪಾಲಿಯುರೇಥೇನ್ ಬುಷ್ ಹೆಚ್ಚು ಬಾಳುತ್ತದೆ ನಿಜ, ಆದರೆ ರಸ್ತೆಯ ನಡುಕವನ್ನೆಲ್ಲ ಕ್ಯಾಬಿನ್‌ಗೆ ತರುತ್ತದೆ. ಮೆತ್ತಗೆ ಬೇಕೆಂದು ಹೊರಟವರಿಗೆ ಅದು ಬೇಡ.

ಬಿಲ್ ಮತ್ತು ಲೆಕ್ಕ

ಗ್ಯಾಸ್ ಶಾಕ್‌ಗೆ ಹೆಚ್ಚು ಕೊಡುವುದು ಲಾಭವಾ? ಇದನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಿ. ಉದಾಹರಣೆಗೆ ಜೋಡಿಗೆ 3,000 ರೂಪಾಯಿ ಹೆಚ್ಚು ಬೀಳುತ್ತದೆ ಅಂತ ಹಿಡಿಯುವಾ. ಮೊಟ್ಟೆಗೆ 6 ರೂಪಾಯಿ ಆದರೆ ಅದು 500 ಮೊಟ್ಟೆ. ದಿನಕ್ಕೆ ಐದು ಮೊಟ್ಟೆ ಒಡೆಯುವುದು ತಪ್ಪಿದರೂ 100 ಟ್ರಿಪ್‌ನಲ್ಲಿ ಹಾಕಿದ ದುಡ್ಡು ಬಂತು. ಟೈಲ್ಸ್‌ನವರು ಟೈಲ್ಸ್‌ನ, ಟೊಮೆಟೊದವರು ಟೊಮೆಟೊದ ಲೆಕ್ಕ ಹೀಗೆಯೇ ಹಾಕಬಹುದು. ಸಿಮೆಂಟ್ ಸಾಗಿಸುವವರಿಗೆ ಒಡೆಯುವ ಸರಕಿಲ್ಲ. ಅವರ ಲೆಕ್ಕಕ್ಕೆ ಬರುವುದು ಟಯರ್ ಮತ್ತು ಡ್ರೈವರ್‌ನ ಬೆನ್ನು. ಬೆನ್ನಿನ ಲೆಕ್ಕವನ್ನು ಯಾವ ಪುಸ್ತಕದಲ್ಲೂ ಯಾರೂ ಬರೆಯುವುದಿಲ್ಲ, ನಲವತ್ತು ದಾಟಿದ ಡ್ರೈವರ್‌ಗಳನ್ನು ಕೇಳಿ ನೋಡಿ.

ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೇನೆ ಎಂಬ ಆಸೆಗೆ ಬೀಳಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಇಲ್ಲ, ಡೂಪ್ಲಿಕೇಟ್ ಬಂದರೆ ಕೇಳುವ ಬಾಯಿಯೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಗಾಡಿಯ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಹಳೆಯ ದರದಲ್ಲೇ ಹಾಕಿದ್ದಾರಾ ಅಂತ ನೋಡಿ. ರೆಗ್ಯುಲರ್ ಸ್ಕೀಮಿನಲ್ಲಿ ಜಿಎಸ್‌ಟಿ ರಿಜಿಸ್ಟ್ರೇಷನ್ ಇರುವ ವ್ಯಾಪಾರಿಗಳು ಸರಕು ಗಾಡಿಯ ಬಿಡಿಭಾಗಕ್ಕೆ ಕೊಟ್ಟ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾರಿಗೆ ಇರುವ ತಡೆ ಸರಕು ಗಾಡಿಗೆ ಇಲ್ಲ. ಅದಕ್ಕೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು, ಅಂಗಡಿಯವರು ರಿಟರ್ನ್ ಹಾಕಿ ಅದು ನಿಮ್ಮ 2ಬಿಯಲ್ಲಿ ಕಾಣಬೇಕು. ಟೈಲ್ಸ್, ಸಿಮೆಂಟ್, ಹಾರ್ಡ್‌ವೇರ್‌ನವರಿಗೆ ಇದು ಸಿಗುತ್ತದೆ. ಕಾಂಪೊಸಿಷನ್‌ನವರಿಗೆ ಇಲ್ಲ. ಮೊಟ್ಟೆ, ಹಸಿ ಮೀನು, ಹಸಿ ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವ ನಮ್ಮಂಥವರಿಗೂ ಇಲ್ಲ, ನಮಗೆ ಬಿಲ್ ಬೇಕಾದದ್ದು ವಾರಂಟಿಗೆ.

ಮೀನಿನ ಗಾಡಿಯವರಿಗೆ ಒಂದು ವಿಷಯ ಬಾಕಿ ಉಂಟು. ಬಾಕ್ಸಿನಿಂದ ಸೋರುವ ಐಸ್ ನೀರಿನಲ್ಲಿ ಉಪ್ಪು ಇರುತ್ತದೆ. ಅದು ನೇರ ಲೀಫ್ ಮೇಲೆ, ಶಾಕಿನ ಹೊಳೆಯುವ ರಾಡ್ ಮೇಲೆ ಬೀಳುತ್ತದೆ. ರಾಡ್‌ನ ಕ್ರೋಮ್ ಮೇಲೆ ಸಾಸಿವೆಯಷ್ಟು ತುಕ್ಕಿನ ಚುಕ್ಕಿ ಬಂದರೂ ಸಾಕು, ಪ್ರತಿ ಸಲ ಮೇಲೆ ಕೆಳಗೆ ಆಗುವಾಗ ಅದು ಸೀಲನ್ನು ಅರದ ಹಾಗೆ ಉಜ್ಜುತ್ತದೆ. ಬಾಡಿಗೆ ಒಂದು ಪೈಪ್ ಕೂರಿಸಿ ನೀರು ಹಿಂದಿನಿಂದ ಹೊರಗೆ ಕ್ಯಾನಿಗೆ ಹೋಗುವ ಹಾಗೆ ಮಾಡಿ, ರಾಡ್ ಮುಚ್ಚುವ ಡಸ್ಟ್ ಕವರ್ ಇರುವ ಶಾಕನ್ನೇ ಆರಿಸಿ, ಮೀನು ಇಳಿಸಿದ ಮೇಲೆ ಬಾಡಿ ತೊಳೆಯುವಾಗ ಪೈಪನ್ನು ಗಾಡಿಯ ಅಡಿಗೂ ಎರಡು ನಿಮಿಷ ಹಿಡಿಯಿರಿ. ಬಾವಿಯ ಸಿಹಿನೀರು ಸಾಕು.